ಉತ್ತರಪತ್ರಿಕೆಯನ್ನು ತಿದ್ದಿದ ಮೇಲೆ

2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳ ಮಕ್ಕಳು ಪಟ್ಟ ಪಾಡನ್ನು ನಾವು ಇಷ್ಟು ಬೇಗ ಮರೆಯತಕ್ಕದ್ದಲ್ಲ. ಆ ತಿಂಗಳ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಈ ತರಗತಿಗಳಿಗೆ ಗೊತ್ತಾಗಿದ್ದ, ರಾಜ್ಯದ ಪರೀಕ್ಷಾ ಮಂಡಳಿಯ ಮಟ್ಟದ ಪರೀಕ್ಷೆಯನ್ನು ರದ್ದುಪಡಿಸಿತು. ಮರುದಿನವೇ ವಿಭಾಗೀಯ ಪೀಠವು ಆ ಆಜ್ಞೆಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಆರಂಭವಾಯಿತು. 12ರಂದು ಸರ್ವೋಚ್ಚ ನ್ಯಾಯಾಲಯವು ಆ ತಡೆಯನ್ನು ತೆಗೆದುಹಾಕಿತು; ಪರೀಕ್ಷೆ ನಡುವೆಯೇ ನಿಂತಿತು. 22ರಂದು ವಿಭಾಗೀಯ ಪೀಠದಿಂದ ಮತ್ತೆ ಅನುಮತಿ ದೊರೆಯಿತು. ಉಳಿದ ಪತ್ರಿಕೆಗಳೆಲ್ಲ ಮುಗಿದು ಫಲಿತಾಂಶ ಹೊರಬೀಳುವ ವೇಳೆಗೆ, ಏಪ್ರಿಲ್ 8ರಂದು, ಸರ್ವೋಚ್ಚ ನ್ಯಾಯಾಲಯವು ಆ ಫಲಿತಾಂಶವನ್ನೇ ತಡೆಹಿಡಿಯಿತು. ಹಿಂದಿನ ವರ್ಷ, 2023ರ ಮಾರ್ಚ್‌ನಲ್ಲಿಯೂ, ರದ್ದತಿ ಮತ್ತು ಅನುಮತಿಗಳ ಇಂಥದೇ ಪ್ರಸಂಗ ನಡೆದಿತ್ತು. ನಾಳೆ ಪರೀಕ್ಷೆ ಉಂಟೋ ಇಲ್ಲವೋ ಎಂಬುದನ್ನು ತಿಳಿಯಲು ಹತ್ತು ವರ್ಷದ ಮಗುವೊಂದು ನ್ಯಾಯಾಲಯದ ವಾರ್ತೆಗಾಗಿ ಕಾಯಬೇಕಾದ ಸ್ಥಿತಿಯನ್ನು ಯಾವ ನಾಡೂ ತನ್ನ ಮಕ್ಕಳಿಗೆ ತಂದೊಡ್ಡಬಾರದು.

ನ್ಯಾಯಾಲಯಗಳ ಮುಂದಿದ್ದದ್ದು ಅಧಿಕಾರದ ಪ್ರಶ್ನೆ, ಕಾನೂನಿನ ಪ್ರಶ್ನೆ. ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದುದಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 30ನೆಯ ವಿಧಿ ಹೇಳುತ್ತದೆ. ಐದು ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಲು 2019ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಈ ಎರಡರ ನಡುವಣ ಇಕ್ಕಟ್ಟನ್ನು ನ್ಯಾಯಮೂರ್ತಿಗಳು ಬಿಡಿಸಲಿ. ಆದರೆ ಶಿಕ್ಷಣವನ್ನು ಕುರಿತು ಚಿಂತಿಸುವವರೆಲ್ಲರೂ ಮೊದಲು ಕೇಳಬೇಕಾಗಿದ್ದ, ಆದರೆ ಈ ಗದ್ದಲದಲ್ಲಿ ಬಹುಮಟ್ಟಿಗೆ ಯಾರೂ ಕೇಳದೆ ಉಳಿದ ಪ್ರಶ್ನೆ ಇನ್ನೊಂದು: ಉತ್ತರಪತ್ರಿಕೆಯನ್ನು ತಿದ್ದಿದ ಮೇಲೆ ಅದರಿಂದ ಯಾರು ಏನು ಮಾಡುತ್ತಾರೆ? ಇಂಥ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ. ಉತ್ತರಗಳನ್ನು ಬೇರೆ ಶಾಲೆಯ ಶಿಕ್ಷಕರು ತಿದ್ದುತ್ತಾರೆ. ಅಂಕಗಳು ಪ್ರಕಟವಾಗುವ ವೇಳೆಗೆ ಬೇಸಗೆಯ ರಜೆ ಬಂದಿರುತ್ತದೆ. ಜೂನ್ ತಿಂಗಳಲ್ಲಿ ಆ ಮಗು ಮುಂದಿನ ತರಗತಿಗೆ, ಐದರವರೆಗೆ ಮಾತ್ರ ಇರುವ ಕಿರಿಯ ಪ್ರಾಥಮಿಕ ಶಾಲೆಯದಾದರೆ ಇನ್ನೊಂದು ಊರಿನ ಶಾಲೆಗೇ, ಹೊರಟುಹೋಗುತ್ತದೆ. ಭಾಗಾಕಾರದಲ್ಲಿ ಅದು ಎಲ್ಲಿ ಎಡವಿತು, ಒತ್ತಕ್ಷರಗಳನ್ನು ಓದುವಾಗ ಎಲ್ಲಿ ನಿಂತಿತು ಎಂಬುದನ್ನು ತಿಳಿದು ತಿದ್ದಬಲ್ಲವನಾಗಿದ್ದ ಶಿಕ್ಷಕನ ಕೈಯಲ್ಲಿ ಆಗ ಆ ಮಗುವೂ ಇಲ್ಲ, ಆ ಉತ್ತರಪತ್ರಿಕೆಯೂ ಇಲ್ಲ.

ಈ ವಿಷಯವನ್ನು ಕುರಿತು ಲೋಕದ ವಿದ್ವಾಂಸರು ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲದಿಂದ ಶ್ರಮಪಟ್ಟು ಶೋಧಿಸಿದ್ದಾರೆ. ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದುವ ಸಲುವಾಗಿ ಮಾಡುವ ಪರಿಶೀಲನೆ ಬೇರೆ, ಕಲಿಕೆ ಮುಗಿದ ಮೇಲೆ ಅದರ ಮೊತ್ತವನ್ನು ಗೊತ್ತುಮಾಡುವ ಪರೀಕ್ಷೆ ಬೇರೆ ಎಂಬ ವಿವೇಚನೆಗೆ, ಪಠ್ಯಕ್ರಮದ ಮೌಲ್ಯಮಾಪನವನ್ನು ಕುರಿತು 1967ರಲ್ಲಿ ಬರೆದ ಮೈಕೆಲ್ ಸ್ಕ್ರಿವೆನ್ ಎಂಬ ವಿದ್ವಾಂಸರು ನಾಂದಿ ಹಾಡಿದರು. ನಮ್ಮ ಶಿಕ್ಷಕರು ರೂಪಣಾತ್ಮಕ, ಸಂಕಲನಾತ್ಮಕ ಎಂದು ದಿನವೂ ಹೇಳುವ ಭೇದವು ಇದೇ. ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಅವರು 1998ರಲ್ಲಿ ಸುಮಾರು 250 ಅಧ್ಯಯನಗಳನ್ನು ಪರಾಮರ್ಶಿಸಿ, ಮೊದಲನೆಯ ಬಗೆಯ ಪರಿಶೀಲನೆಯಿಂದ ಮಕ್ಕಳ ಕಲಿಕೆ ನಿಶ್ಚಯವಾಗಿಯೂ ಮೇಲೇರುವುದೆಂದೂ, ಹಿಂದುಳಿದ ಮಕ್ಕಳಿಗೆ ಅದರ ಪ್ರಯೋಜನ ಹೆಚ್ಚಾಗಿ ಕಾಣುವುದೆಂದೂ ತೋರಿಸಿದರು. ಅವರು ಪರಾಮರ್ಶಿಸಿದ ಅಧ್ಯಯನಗಳಲ್ಲಿ ರೂತ್ ಬಟ್ಲರ್ ಅವರು ಇಸ್ರೇಲಿನ ಶಾಲಾ ಮಕ್ಕಳಲ್ಲಿ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗವು ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ಅಲ್ಲಿ ಕೆಲವು ಮಕ್ಕಳಿಗೆ ಅಂಕಗಳನ್ನು ಮಾತ್ರ ಕೊಟ್ಟರು. ಕೆಲವರಿಗೆ ಅವರ ಕೆಲಸದ ಗುಣದೋಷಗಳನ್ನು ತಿಳಿಸುವ ಮಾತುಗಳನ್ನು ಮಾತ್ರ ಬರೆದರು. ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಮೇಲೇರಿದವರು ಮಾತನ್ನು ಮಾತ್ರ ಪಡೆದ ಮಕ್ಕಳು. ಅಂಕವನ್ನೂ ಮಾತನ್ನೂ ಒಟ್ಟಿಗೆ ಪಡೆದವರು ಏರಲಿಲ್ಲ. ಅಂಕವನ್ನು ಕಂಡೊಡನೆ ಮಗುವಿನ ದೃಷ್ಟಿ ತನ್ನ ತಪ್ಪನ್ನು ಬಿಟ್ಟು ತನ್ನ ಸ್ಥಾನದ ಕಡೆಗೆ ತಿರುಗಿಬಿಡುತ್ತದೆ. ಪಕ್ಕದಲ್ಲಿ ಬರೆದ ಹಿತವಚನವು ಅದಕ್ಕೆ ಕಾಣುವುದೇ ಇಲ್ಲ.

ಪರೀಕ್ಷೆಯನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಎಲ್ಲರನ್ನೂ ತೇರ್ಗಡೆ ಮಾಡುವ ನಿಯಮದ ನೆರಳಿನಲ್ಲಿ ಮಕ್ಕಳು ಓದನ್ನು ಕಲಿಯದೆಯೇ ಮೇಲಿನ ತರಗತಿಗಳಿಗೆ ಹೋದರೆಂಬುದು ಸತ್ಯ. ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ 43 ಮಂದಿ ಮಾತ್ರವೆಂದು ಅಸರ್ ಎಂಬ ಕಲಿಕಾ ಸಮೀಕ್ಷೆಯ 2022ರ ವರದಿ ತಿಳಿಸಿತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೆಂಬ ಉದಾತ್ತ ಯೋಜನೆಯು ಅನೇಕ ಶಾಲೆಗಳಲ್ಲಿ ನಮೂನೆಗಳನ್ನು ತುಂಬುವ, ಕೃತಿಸಂಪುಟದ ಕಡತಗಳನ್ನು ಜೋಡಿಸಿಡುವ ಕಾರ್ಯಕ್ಕೆ ಇಳಿಯಿತೆಂಬುದೂ ಸತ್ಯ. ಆದರೆ ಈ ವ್ಯಾಧಿಗೆ ಅವರು ಸೂಚಿಸುವ ಔಷಧವಾದರೂ ಎಂಥದು? ಅನುತ್ತೀರ್ಣ ಮಾಡಿ ಅದೇ ತರಗತಿಯಲ್ಲಿ ಕೂರಿಸುವುದರ ಪರಿಣಾಮವನ್ನು ಕುರಿತ 63 ಅಧ್ಯಯನಗಳನ್ನು ಅಮೆರಿಕದ ಹೋಮ್ಸ್ ಅವರು 1989ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 54ರಲ್ಲಿ ಫಲವು ಪ್ರತಿಕೂಲವಾಗಿತ್ತು. ಷಿಕಾಗೋ ನಗರದಲ್ಲಿ ಇದೇ ಕ್ರಮವನ್ನು 1996ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದಾಗ, ಮೂರನೆಯ ತರಗತಿಯವರಿಗೆ ಸ್ವಲ್ಪ ಲಾಭವಾದದ್ದು ಕಂಡುಬಂದಿತಾದರೂ ಎಂಟನೆಯ ತರಗತಿಯಲ್ಲಿ ನಿಂತವರು ಶಾಲೆಯನ್ನೇ ತೊರೆಯುವ ಸಂಭವ ಹೆಚ್ಚಿತು. ನಮ್ಮ ಸರ್ಕಾರವಾದರೋ ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಅಭಯವನ್ನಿತ್ತೇ ಈ ಪರೀಕ್ಷೆಗಳನ್ನು ನಡೆಸಿತು. ತಡೆಯುವ ಉದ್ದೇಶವೂ ಇಲ್ಲದ, ತಿದ್ದುವ ಏರ್ಪಾಡೂ ಇಲ್ಲದ ಪರೀಕ್ಷೆಯಿಂದ ಮಗುವಿಗೆ ಉಳಿಯುವುದು ಭಯವೊಂದೇ.

ಅಂಕಗಳು ಸತ್ಯವನ್ನು ನುಡಿಯುತ್ತವೆ ಎಂಬ ನಂಬಿಕೆಯೂ ಪರಿಶೀಲನಾರ್ಹವಾದುದು. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಬಿಗಿಯಾದಾಗ ಫಲಿತಾಂಶ ಕುಸಿಯಿತು. ಒಡನೆಯೇ ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿ, ಫಲಿತಾಂಶವನ್ನು 73.40ಕ್ಕೆ ಮುಟ್ಟಿಸಲಾಯಿತು. ಹತ್ತನೆಯ ತರಗತಿಯಲ್ಲೇ ಅಳತೆಗೋಲು ಹೀಗೆ ಬದಲಾಗುವುದಾದರೆ, ಐದನೆಯ ತರಗತಿಯ ಅಂಕಪಟ್ಟಿಯನ್ನು ನೆಚ್ಚಿ ಯಾರು ಯಾವ ನಿರ್ಣಯವನ್ನು ಕೈಗೊಳ್ಳಬಲ್ಲರು?

ದಾರಿಯನ್ನು ಅರಸಿ ಪರದೇಶಕ್ಕೆ ಹೋಗಬೇಕಾದುದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು, ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ಕಂಡು ಬಂದು, ತಮ್ಮ ಕೈಯಾರೆ ರೂಪಿಸಿದ ನಲಿ-ಕಲಿ ಎಂಬ ಬೋಧನಾಕ್ರಮದಲ್ಲಿ ಪರೀಕ್ಷೆಯು ಕಲಿಕೆಯೊಳಗೇ ಸೇರಿಹೋಗಿತ್ತು. ಮಗುವು ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿದೆಯೆಂಬುದು ಆ ಮಗುವಿಗೂ ಗೊತ್ತು, ಶಿಕ್ಷಕನಿಗೂ ಗೊತ್ತು. ಒಂದು ಮೈಲಿಗಲ್ಲನ್ನು ದಾಟದೆ ಮುಂದಿನದಕ್ಕೆ ಹೋಗುವಂತಿಲ್ಲ. ದಾಟಲಾರದವರಿಗೆ ಅಲ್ಲಿಯೇ, ಆಗಲೇ, ಇನ್ನೊಂದು ಚಟುವಟಿಕೆ ಉಂಟು. ರಾಜ್ಯಾದ್ಯಂತ ಹರಡಿದಾಗ ಅದರ ಜೀವ ಅಲ್ಲಲ್ಲಿ ಕ್ಷೀಣಿಸಿತೆಂಬ ದೂರು ನಿಜವಿರಬಹುದು. ಅದಕ್ಕೆ ಶಿಕ್ಷಕರ ಕೊರತೆಯನ್ನು ನೀಗಿಸುವುದು ಪರಿಹಾರವೇ ಹೊರತು ಮೊಹರು ಹಾಕಿದ ಪ್ರಶ್ನೆಪತ್ರಿಕೆಯಲ್ಲ. ವಡೋದರ ಮತ್ತು ಮುಂಬಯಿಗಳ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆಗಳ ಕಾಲ ಪ್ರತ್ಯೇಕವಾಗಿ ಕೂರಿಸಿಕೊಂಡು ಅವರ ಮಟ್ಟದಿಂದಲೇ ಪಾಠ ಹೇಳಿಕೊಟ್ಟ ಬಾಲಸಖಿಯರ ಪ್ರಯೋಗವು ಫಲಿಸಿತೆಂಬುದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ದಾಖಲಿಸಿದ್ದಾರೆ.

ಆದುದರಿಂದ ಸರ್ಕಾರವು ಎಂಟನೆಯ ತರಗತಿಯವರೆಗೆ ಮಂಡಳಿಯ ಪರೀಕ್ಷೆಯ ಆಲೋಚನೆಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಒಂಬತ್ತನೆಯದನ್ನು ಆಯಾ ಶಾಲೆಗೇ ಒಪ್ಪಿಸಬೇಕು. ರಾಜ್ಯದ ಸ್ಥಿತಿಯನ್ನು ತಿಳಿಯುವ ಅಗತ್ಯವಿದ್ದರೆ ಕೆಲವೇ ಶಾಲೆಗಳನ್ನು ಆರಿಸಿ ಸಮೀಕ್ಷೆ ನಡೆಸಿದರೆ ಸಾಕು, ಅದಕ್ಕಾಗಿ ಪ್ರತಿಯೊಂದು ಮಗುವನ್ನೂ ಪರೀಕ್ಷಾಕೊಠಡಿಗೆ ಕರೆತರಬೇಕಾಗಿಲ್ಲ. ತಂದೆತಾಯಿಗಳಲ್ಲಿಯೂ ನನ್ನದೊಂದು ಪ್ರಾರ್ಥನೆ: ಮುಂದಿನ ಬಾರಿ ‘ಸಮುದಾಯದತ್ತ ಶಾಲೆ’ಯ ಸಭೆಗೆ ಹೋದಾಗ, ಎಷ್ಟು ಅಂಕ ಬಂದಿದೆ ಎಂದು ಕೇಳುವುದಕ್ಕೆ ಮೊದಲು, ನಮ್ಮ ಮಗುವಿಗೆ ಏನು ಬರುವುದಿಲ್ಲ, ಅದನ್ನು ಕಲಿಸಲು ಈ ವಾರ ಏನು ಮಾಡುತ್ತೀರಿ ಎಂದು ಶಿಕ್ಷಕರನ್ನು ಕೇಳಿರಿ.