ಎಂಜಿಬಿಯನ್ನು ಮುಗಿಸಿದ್ದು ಕಾನೂನಲ್ಲ
ಬ್ರಿಟನ್ನಿನ ಅಬಿಂಗ್ಡನ್ ಕಾರ್ಖಾನೆಯಿಂದ 1962ರಲ್ಲಿ ಹೊರಬಂದ ಎಂಜಿಬಿ, ಸಾಮಾನ್ಯ ಸಂಬಳದಾರರ ಕೈಗೂ ಎಟುಕಿದ ಸ್ಪೋರ್ಟ್ಸ್ ಕಾರು. ಪ್ರತ್ಯೇಕ ಚಾಸಿಯಿಲ್ಲದೆ ಬಾಡಿಯೇ ಭಾರ ಹೊರುವ ವಿನ್ಯಾಸ ಅದರ ಹೆಗ್ಗಳಿಕೆ. ಐದು ಲಕ್ಷಕ್ಕೂ ಹೆಚ್ಚು ತಯಾರಾದವು. 1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಹೊಳೆಯುವ ಕ್ರೋಮ್ ಬಂಪರ್ ಹೋಗಿ ದಪ್ಪನೆಯ ಕಪ್ಪು ರಬ್ಬರ್ ಬಂಪರ್ ಬಂತು. ಅದೇ ನಿಯಮಗಳಿಗಾಗಿ ಕಾರನ್ನು ನೆಲದಿಂದ ಎತ್ತರಿಸಿದ್ದರಿಂದ ತಿರುವುಗಳಲ್ಲಿ ವಾಲಾಟ ಹೆಚ್ಚಿತು. 1980ರಲ್ಲಿ ತಯಾರಿಕೆಯೇ ನಿಂತಿತು.

ಇದಕ್ಕೆಲ್ಲ ಕಾನೂನೇ ಕಾರಣ ಎನ್ನುವವರಿದ್ದಾರೆ. ನಿಯಮಗಳಿಂದ ಪೆಟ್ಟು ಬಿದ್ದದ್ದು ನಿಜ. ಆದರೆ ಮುಖ್ಯ ಮಾದರಿ ಹದಿನೆಂಟು ವರ್ಷವೂ ಅದೇ 1.8 ಲೀಟರ್ ಎಂಜಿನ್ನಿಗೆ ಜೋತುಬಿದ್ದದ್ದು ಯಾವ ಕಾನೂನಿನಿಂದ? 1989ರಲ್ಲಿ ಜಪಾನಿನ ಸ್ಪೋರ್ಟ್ಸ್ ಕಾರು ಮಜ್ದಾ ಎಂಎಕ್ಸ್-5 ಅದೇ ಅಮೆರಿಕದಲ್ಲಿ, ನಿಯಮ ಪಾಲಿಸಿಯೇ ಜನಮನ ಗೆದ್ದಿತು. ಪರಂಪರೆ ಉಳಿಯಬೇಕಾದರೆ ಹೊಸ ವಿನ್ಯಾಸಕ್ಕೆ ಹಣ ಹೂಡಬೇಕು. ಹಳೆಯದಕ್ಕೆ ತೇಪೆ ಹಾಕುತ್ತ ಕೂತರೆ ಸಾಲದು.