ಗೃಹಾರೋಗ್ಯ: ಮೂತ್ರದ ಅವಸರವೂ ಅದರ ಚಿಕಿತ್ಸೆಯ ವೆಚ್ಚವೂ

ಹಾಸನದಿಂದ ಹೊಳೆನರಸೀಪುರಕ್ಕಾಗಲಿ, ಅರಕಲಗೂಡಿಗಾಗಲಿ, ಚನ್ನರಾಯಪಟ್ಟಣಕ್ಕಾಗಲಿ ಬಸ್ಸಿನ ಪ್ರಯಾಣವು ಒಂದು ಗಂಟೆಯ ಆಸುಪಾಸಿನದು. ಆ ಒಂದು ಗಂಟೆಗೆ ಅಂಜಿ ನೆಂಟರ ಮದುವೆಗೂ ಹೋಗದೆ ಮನೆಯಲ್ಲುಳಿಯುವ ಗೃಹಿಣಿಯರುಂಟು. ಮೂತ್ರಕೋಶವು ತುಂಬುವ ಮುನ್ನವೇ ಅದರ ಸ್ನಾಯುವು ಸಂಕುಚಿಸುವುದರಿಂದ ಅವಸರವು ತಟ್ಟನೆ ತೋರಿ, ತಡೆಯಲಾಗದೆ ಹೋಗುವುದು. ರಾತ್ರಿಯೂ ಪದೇ ಪದೇ ಏಳಬೇಕಾಗುವುದು. ಕೆಲವರಿಗೆ ಬಟ್ಟೆಯೂ ಒದ್ದೆಯಾಗುವುದು. ಗಂಡಸರಿಗೂ ಈ ಬಾಧೆ ತಪ್ಪಿದ್ದಲ್ಲ. ನಾಚಿಕೆಯೊಡನೆ ‘ಇದಕ್ಕೆಷ್ಟು ಹಣ ಸುರಿಯಬೇಕೋ’ ಎಂಬ ಭಯವೂ ಸೇರಿ ಬಹುಮಂದಿ ಬಾಯಿಬಿಡುವುದಿಲ್ಲ. ಆ ಭಯವೆಷ್ಟು ನಿಜವೆಂಬುದನ್ನು ಪ್ರಕೃತ ನೋಡೋಣ.

ಮೊದಲ ವೆಚ್ಚವು ಪರೀಕ್ಷೆಯದು, ಇದನ್ನು ಉಳಿಸಹೋಗಬಾರದು. ಮೂತ್ರದಲ್ಲಿ ಸೋಂಕು, ಸಿಹಿಮೂತ್ರರೋಗ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಇವೂ ಇದೇ ಲಕ್ಷಣವನ್ನು ತೋರುತ್ತವೆ. ಮೂತ್ರವನ್ನೂ ರಕ್ತದ ಸಕ್ಕರೆಯನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿಯೇ ನೋಡಿಸಬಹುದು. ಹೆಚ್ಚಿನದಕ್ಕೆ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಕೂಲಿಯ ಒಂದು ದಿನ ಹೋಗುವುದೆಂಬುದು ನಿಜ.

ಎರಡನೆಯದು ಅಭ್ಯಾಸ. ವೈದ್ಯರು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ, ಇದಕ್ಕೆ ಕಾಸೂ ಬೇಡ. ಆದುದರಿಂದಲೇ ಏನೋ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ! ಮೂರು ದಿನ ಕುಡಿದ ನೀರನ್ನೂ ಎದ್ದುಹೋದ ವೇಳೆಯನ್ನೂ ಬರೆದಿಡಬೇಕು. ಗಂಟೆಗೊಮ್ಮೆ ಹೋಗುವವರು ಅವಸರ ಬಂದಾಗ ಕುಳಿತು, ಕಾಲು ಗಂಟೆ ತಡೆದು ಹೋಗಲಿ. ಅದು ಸುಲಭವಾದ ಮೇಲೆ ಮತ್ತೆ ಕಾಲು ಗಂಟೆ ಕೂಡಿಸಲಿ. ಇದರೊಡನೆ ಮೂತ್ರವನ್ನು ತಡೆಯುವ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ದಿನಕ್ಕೆ ಮೂರಾವರ್ತಿ, ಒಂದೊಂದು ಸಲ ಹತ್ತರಂತೆ ಬಿಗಿಹಿಡಿದು ಬಿಡಬೇಕು. ಅಮೆರಿಕದ ಅರ್ನಾಲ್ಡ್ ಕೆಗೆಲ್ ಎಂಬ ವೈದ್ಯರು ಈ ವ್ಯಾಯಾಮವನ್ನು 1948ರಲ್ಲಿ ಪ್ರಕಟಪಡಿಸಿದರು. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಕಾಫಿ ಚಹಗಳನ್ನು ಕಡಮೆಮಾಡಬೇಕು. ಕಾಫಿಯ ಸೀಮೆಯಲ್ಲಿ ಕುಳಿತು ಹೀಗೆ ಬರೆಯುವುದು ನಮಗೂ ಕಷ್ಟವೇ. ನೀರನ್ನು ಮಾತ್ರ ಬಿಡಬಾರದು. ನೀರು ಕಡಮೆಯಾದರೆ ಮೂತ್ರವು ಗಾಢವಾಗಿ ಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಆಗುತ್ತದೆ.

ಇವುಗಳಿಂದ ಸಾಲದಿದ್ದರೆ ಗುಳಿಗೆ. ನಿಜವಾದ ವೆಚ್ಚ ಇಲ್ಲಿ ಮೊದಲಾಗುವುದು. ಏಕೆಂದರೆ ಗುಳಿಗೆ ನಿಂತರೆ ಬಾಧೆ ಮರಳಬಹುದು. ದಿನಕ್ಕೊಂದರಂತೆ ನುಂಗುವವರಿಗೆ ಒಂದು ಗುಳಿಗೆಯಲ್ಲಿ 5 ರೂಪಾಯಿ ಉಳಿದರೆ ವರ್ಷಕ್ಕೆ 1,825 ರೂಪಾಯಿ ಉಳಿಯಿತು. ಆದಕಾರಣ ಔಷಧದ ಮೂಲಹೆಸರನ್ನೇ ಬರೆದುಕೊಡಿರೆಂದು ವೈದ್ಯರನ್ನು ಕೇಳಿ, ಜನೌಷಧಿ ಅಂಗಡಿಯಲ್ಲಿಯೂ ವಿಚಾರಿಸಬೇಕು. ಅಗ್ಗವೊಂದನ್ನೇ ನೋಡುವುದೂ ಸರಿಯಲ್ಲ. ಆಕ್ಸಿಬ್ಯುಟಿನಿನ್ ಹಳೆಯ ಔಷಧ. ಬಾಯಿ ಒಣಗಿಸುತ್ತದೆ, ಮಲ ಕಟ್ಟುತ್ತದೆ, ವೃದ್ಧರಲ್ಲಿ ಮರವೆಯನ್ನೂ ಗೊಂದಲವನ್ನೂ ತರಬಹುದು. ಮಿರಾಬೆಗ್ರಾನಿನಲ್ಲಿ ಈ ತೊಂದರೆ ಕಡಮೆ. ಆದರೆ ರಕ್ತದೊತ್ತಡ ಏರಬಹುದು, ಅದನ್ನು ಅಳೆಯಿಸುತ್ತಿರಬೇಕು.

ಗುಳಿಗೆಗೂ ಬಗ್ಗದವರಿಗೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಚುಚ್ಚುವ ಕ್ರಮವಿದೆ. ಅದರ ಗುಣ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ತರುವಾಯ ಮತ್ತೆ ಅದೇ ವೆಚ್ಚ. ಕೆಲವರಿಗೆ ಮೂತ್ರ ಕಟ್ಟಿಕೊಂಡು ನಳಿಕೆ ಹಾಕಬೇಕಾಗುವುದೂ ಉಂಟು. ಬೆನ್ನಿನ ಕೆಳಭಾಗದ ನರಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಯಂತ್ರವನ್ನು ದೇಹದೊಳಗಿಡುವ ಚಿಕಿತ್ಸೆಗೆ ಲಕ್ಷಗಟ್ಟಲೆ ಬೀಳುತ್ತದೆ; ಅದು ಕೆಲವರಿಗೆ ಮಾತ್ರ. 2018ರಲ್ಲಿ ಮೊದಲಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆಂದು ಇರುವುದು. ತಿಂಗಳ ಗುಳಿಗೆಯ ಖರ್ಚು ಮನೆಯವರದೇ. ಯಾವ ಚಿಕಿತ್ಸೆಗೆ ಸಲ್ಲುತ್ತದೆಂಬುದನ್ನು ಮುಂಗಡ ಕಟ್ಟುವ ಮುನ್ನವೇ ಕೇಳಿಕೊಳ್ಳಬೇಕು.

ಸುಮ್ಮನಿರುವುದಕ್ಕೂ ವೆಚ್ಚವುಂಟು. ನಡುರಾತ್ರಿಯ ಕತ್ತಲಲ್ಲಿ ಬಚ್ಚಲಿಗೆ ಧಾವಿಸಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವ ಅಜ್ಜಿಯರಿದ್ದಾರೆ. ಆ ಶಸ್ತ್ರಚಿಕಿತ್ಸೆಯ ಮುಂದೆ ಗುಳಿಗೆಯ ಲೆಕ್ಕ ಎಷ್ಟರದು? ಮನೆಯಲ್ಲಿ ಅಂಥ ಹಿರಿಯರಿದ್ದರೆ ಹಾಸಿಗೆಯ ಬಳಿ ಒಂದು ಪಾತ್ರೆಯನ್ನೂ ದಾರಿಯಲ್ಲಿ ಒಂದು ಮಂದದೀಪವನ್ನೂ ಈ ರಾತ್ರಿಯಿಂದಲೇ ಇಡಿರಿ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಅಥವಾ ಮೂತ್ರವೇ ಕಟ್ಟಿದರೆ ಅಭ್ಯಾಸ, ಗುಳಿಗೆಗಳ ಮಾತನ್ನು ಬಿಟ್ಟು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.