ಕಬೀರರನ್ನು ಅರಸಿ ಹೊರಟ ಕ್ಯಾಮರಾ



"ಅಜ್ಜಾರ, ಸಿನಿಮಾ ಬಂದ ಮ್ಯಾಲೆ ಭಕ್ತಿ ಹಾಳಾತ್ರಿ" ಎಂದು ಮಠಕ್ಕೆ ಬರುವ ಹಿರಿಯರು ಅಲವತ್ತುಕೊಳ್ಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕ್ಯಾಮರಾ ಹಿಡಿದವರೆಲ್ಲರೂ ಭಕ್ತಿಯನ್ನು ಮಾರುವವರಲ್ಲ; ಅದನ್ನು ಅರಸಿ ಹೊರಟವರೂ ಉಂಟು.

ಶಬ್ನಮ್ ವಿರ್ಮಾನಿ ಎಂಬ ತಾಯಿ ಅಂಥವರು. 2002ರಲ್ಲಿ ಗುಜರಾತ ಕೋಮುದ್ವೇಷದ ಬೆಂಕಿಯಲ್ಲಿ ಬೆಂದಾಗ ನೊಂದ ಆಕೆ, ಕಾಶಿಯ ನೇಕಾರ ಸಂತ ಕಬೀರರನ್ನು ಹುಡುಕುತ್ತ ಮಾಳವ, ರಾಜಸ್ಥಾನ, ಪಾಕಿಸ್ತಾನಗಳವರೆಗೆ ಹೋದರು. ಗ್ರಂಥಗಳಲ್ಲಿ ಮಾತ್ರವಲ್ಲ, ಹಳ್ಳಿಯ ಭಜನೆಗಳಲ್ಲಿ, ಕವಾಲಿಗಳಲ್ಲಿ ಕಬೀರರನ್ನು ಕಂಡು ನಾಲ್ಕು ಸಾಕ್ಷ್ಯಚಿತ್ರಗಳನ್ನು ಮಾಡಿದರು. ತಾವೂ ತಂಬೂರಿ ಹಿಡಿದು ಹಾಡತೊಡಗಿದರು.

ಅವುಗಳಲ್ಲೊಂದು, 'ಕೋಯಿ ಸುನ್ತಾ ಹೈ', ನಮ್ಮ ನೆಲದ ಮಗನದು. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಲಿಂಗಾಯತ ಮನೆತನದಲ್ಲಿ ಜನಿಸಿದ ಶಿವಪುತ್ರನೇ ಮುಂದೆ ಪಂಡಿತ ಕುಮಾರ ಗಂಧರ್ವರಾದರು. ಕ್ಷಯರೋಗ ಪೀಡಿತರಾಗಿ ಮಧ್ಯಪ್ರದೇಶದ ದೇವಾಸದಲ್ಲಿ ಮಲಗಿದ್ದಾಗ ಕಿವಿಗೆ ಬಿದ್ದ ಜನಪದರ ಹಾಡು ಅವರ ಗಾಯನಕ್ಕೆ ಹೊಸ ದಾರಿ ತೋರಿತು. 1992ರಲ್ಲಿ ಅಲ್ಲಿಯೇ ದೇಹವಿಟ್ಟ ಅವರು ಕಬೀರರ ನಿರ್ಗುಣ ಪದಗಳನ್ನು ಸಂಗೀತ ಸಭೆಗಳಿಗೆ ತಲುಪಿಸಿದರು.

ಇನ್ನೊಂದು ಚಿತ್ರ 'ಕಬೀರಾ ಖಡಾ ಬಜಾರ್ ಮೇ'. ಅದರಲ್ಲಿ ಪ್ರಹ್ಲಾದ ಸಿಂಗ್ ಟಿಪಾನಿಯಾ ಎಂಬ ದಲಿತ ಗಾಯಕರು, ವೃತ್ತಿಯಿಂದ ಶಾಲಾ ಶಿಕ್ಷಕರು, ಕಬೀರ ಪಂಥದ ಮಹಂತರಾಗಿ ಪೂಜಾವಿಧಿಗೆ ಕುಳಿತುಕೊಳ್ಳುತ್ತಾರೆ. ಬಾಹ್ಯಾಚಾರಗಳನ್ನು ಖಂಡಿಸಿದ ಕಬೀರರ ಹೆಸರಿನಲ್ಲೇ ಆಚಾರವೇ? ಈ ಪ್ರಶ್ನೆ ಆ ಪಂಥಕ್ಕಷ್ಟೇ ಅಲ್ಲ, ಪೀಠದ ಮೇಲೆ ಕುಳಿತ ನಮ್ಮನ್ನೂ ಚುಚ್ಚುತ್ತದೆ. ಶರಣರೂ ಡಂಭಾಚಾರವನ್ನು ಒಪ್ಪಿದವರಲ್ಲ. ಆದರೆ ಅವರ ಹೆಸರಿನಲ್ಲಿ ಇಂದು ಅಡ್ಡಪಲ್ಲಕ್ಕಿ, ಹಾರ, ತುರಾಯಿಗಳಿಗೆ ಕೊರತೆಯಿಲ್ಲ.

ಏರಿಯಿಲ್ಲದೆ ಕೆರೆ ನಿಲ್ಲದು. ಮಠ, ಪಂಥ, ವಿಧಿಗಳು ಬೇಕು. ಆದರೆ ಏರಿಗೆ ಪೂಜೆ ಮಾಡುತ್ತ ಕುಳಿತು, ಕೆರೆ ಬತ್ತಿದ್ದನ್ನೇ ಕಾಣದಿದ್ದರೆ ಬಾಯಾರಿದವರು ಎಲ್ಲಿಗೆ ಹೋಗಬೇಕು? ಅವರು ಪರದೆಯ ಮುಂದೆ ಹೋಗಿ ಕುಳಿತರೆ ತಪ್ಪು ಅವರದಷ್ಟೇ ಅಲ್ಲ, ನಮ್ಮದೂ ಹೌದು.

ಆದ್ದರಿಂದ ಹಿರಿಯರೇ, ಮೊಮ್ಮಕ್ಕಳು ಮೊಬೈಲು ಹಿಡಿದು ಕುಳಿತಾಗ ಒಮ್ಮೆಲೆ ಗದರಬೇಡಿ. ಪಕ್ಕದಲ್ಲಿ ಕುಳಿತು, ಕುಮಾರ ಗಂಧರ್ವರ ಒಂದು ಪದ ಹಾಕೆಂದು ಕೇಳಿರಿ. ನಂತರ ನಿಮ್ಮ ಕಂಠದಲ್ಲಿರುವ ಒಂದು ವಚನವನ್ನು ಅವರಿಗೆ ಹೇಳಿರಿ. ಭಕ್ತಿ ಉಳಿಯುವುದು ಕೇಳುವ ಕಿವಿಯಲ್ಲಿ, ಹೇಳುವ ಬಾಯಿಯಲ್ಲಿ.